ಹೊಸ ಹೆಡ್‌ಸೆಟ್ ಕೊಳ್ಳುವ ಮೊದಲು ಸ್ಕ್ವೆಲ್ಚ್ ತಿರುಗಿಸಿ ನೋಡಿ

ಪ್ರಶ್ನೆ: ಸರ್, ನಾನು ಗದಗದವನು. ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮಾಡ್ತಿದ್ದೇನೆ, ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172ರಲ್ಲಿ 22 ಗಂಟೆ ಹಾರಾಟ ಆಗಿದೆ. ಸ್ಕೂಲಿನ ಹೆಡ್‌ಸೆಟ್‌ನಲ್ಲಿ ಕಂಟ್ರೋಲ್ ಟವರ್‌ನವರು ಹೇಳಿದ್ದು ಅರ್ಧಕ್ಕರ್ಧ ಕೇಳಿಸಲ್ಲ. ನಾನು ಮಾತಾಡಿದರೆ ಮೊದಲ ಅಕ್ಷರ ನುಂಗಿಹೋಗುತ್ತೆ ಅಂತ ಇನ್‌ಸ್ಟ್ರಕ್ಟರ್ ಬೈತಾರೆ. ಇಳಿದ ಮೇಲೆ ಒಂದೆರಡು ಗಂಟೆ ಕಿವಿ ಗುಂಯ್ ಅನ್ನುತ್ತೆ. ಕನ್ನಡಕ ಹಾಕ್ತೇನೆ. ಸೀನಿಯರ್ ಒಬ್ಬರು ತಮ್ಮ ಆರು ವರ್ಷದ ಎಎನ್‌ಆರ್ (ಗದ್ದಲವನ್ನು ಸರ್ಕ್ಯೂಟಿನಿಂದ ತಗ್ಗಿಸುವ) ಹೆಡ್‌ಸೆಟ್ ಅರ್ಧ ಬೆಲೆಗೆ ಕೊಡ್ತಾರಂತೆ, ಆದರೆ ಹಾಕಿ ನೋಡಿದಾಗ ಎಡಗಿವಿಯಲ್ಲಿ ಮಾತ್ರ ಕೇಳಿಸಿತು. ಎಎನ್‌ಆರ್ ಹಾಕಿಕೊಂಡರೆ ಇಂಜಿನ್ ಕೆಟ್ಟರೂ ಗೊತ್ತಾಗಲ್ಲ ಅಂತ ಒಬ್ಬರು, ಗೇಮಿಂಗ್ ಹೆಡ್‌ಸೆಟ್‌ಗೆ ಅಡಾಪ್ಟರ್ ಸಿಕ್ಕಿಸಿದರೆ ಸಾಕು ಅಂತ ಇನ್ನೊಬ್ಬರು. ಅಪ್ಪ ಈಗಾಗಲೇ ಸಾಲ ಮಾಡಿದ್ದಾರೆ, ದುಡ್ಡು ವ್ಯರ್ಥ ಆಗಬಾರದು. ಯಾವುದು ತಗೊಳ್ಳಲಿ? ಹಾಗೆಯೇ, ನಮ್ಮ ಮಾವನ ಸ್ನೇಹಿತರೊಬ್ಬರ ಎರಡು ಸೀಟಿನ ಮೈಕ್ರೋಲೈಟ್‌ಗೆ (ತೀರ ಹಗುರದ ಪುಟ್ಟ ವಿಮಾನ) ಒಂದು ಸಣ್ಣ ಇಂಟರ್‌ಕಾಮ್, ಅಂದರೆ ಹೆಡ್‌ಸೆಟ್ ಹಾಕಿದವರು ಒಳಗೆ ಒಬ್ಬರಿಗೊಬ್ಬರು ಮಾತಾಡುವ ಸಾಧನ, ಬೇಕು. ಏನೇನು ನೋಡಬೇಕು?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಅದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಮೊದಲ ಅಕ್ಷರ ನುಂಗಿಹೋಗುವುದು ಇಂಟರ್‌ಕಾಮ್‌ನ ಸ್ಕ್ವೆಲ್ಚ್ ಮತ್ತು ಮೈಕ್ ಇರುವ ಜಾಗದ ಸಮಸ್ಯೆ. ಒಂದೇ ಕಿವಿಯಲ್ಲಿ ಕೇಳಿಸುವುದು ಬಹುಮಟ್ಟಿಗೆ ಒಂದು ಪುಟ್ಟ ಸ್ವಿಚ್ಚಿನ ಕೆಲಸ. ಟವರ್ ಮಾತು ಕೇಳಿಸದಿರುವುದು ಮತ್ತು ಕಿವಿ ಗುಂಯ್‌ಗುಡುವುದು, ಇವೆರಡಕ್ಕೆ ಮಾತ್ರ ಹೆಡ್‌ಸೆಟ್‌ನೊಂದಿಗೆ ನೇರ ಸಂಬಂಧ. ಅವೂ ಒಂದೇ ಬೇರಿನಿಂದ ಬಂದವು. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಬಿಟ್ಟಿಯಾಗಿ ಸರಿಹೋಗುವುದನ್ನು ಸರಿಮಾಡಿಕೊಳ್ಳಿ. ಇಲ್ಲವಾದರೆ ಲಕ್ಷ ರೂಪಾಯಿಯ ಹೆಡ್‌ಸೆಟ್ ಹಾಕಿಕೊಂಡರೂ ಇನ್‌ಸ್ಟ್ರಕ್ಟರ್ ಬೈಯುವುದು ತಪ್ಪುವುದಿಲ್ಲ.

ಸ್ಕ್ವೆಲ್ಚ್‌ನಿಂದ ಶುರುಮಾಡೋಣ. ಇಂಟರ್‌ಕಾಮ್‌ನಲ್ಲಿ ಮೈಕುಗಳು ಸದಾ ತೆರೆದಿರುವುದಿಲ್ಲ. ಮೈಕಿಗೆ ಬೀಳುವ ಸದ್ದು ಒಂದು ಮಟ್ಟ ದಾಟಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಆ ಮಟ್ಟವನ್ನು ಗೊತ್ತುಮಾಡುವುದೇ ಸ್ಕ್ವೆಲ್ಚ್ ಗುಂಡಿ. ಮಟ್ಟ ತೀರ ಮೇಲಿದ್ದರೆ ನಿಮ್ಮ ಮೊದಲ ಅಕ್ಷರ ಬಾಗಿಲು ತಟ್ಟುವುದರಲ್ಲೇ ಖರ್ಚಾಗಿ ಎರಡನೆಯದರಿಂದ ಕೇಳಿಸತೊಡಗುತ್ತದೆ. ತೀರ ಕೆಳಗಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ, ಇಂಜಿನ್ ಗದ್ದಲವೆಲ್ಲ ಎಲ್ಲರ ಕಿವಿಗೂ ಹರಿಯುತ್ತದೆ. ಸರಿಮಾಡುವ ಕ್ರಮ ಹೀಗೆ: ಇಂಜಿನ್ ಓಡುತ್ತಿರುವಾಗ, ರನ್‌ಅಪ್ (ಹಾರುವ ಮುನ್ನ ಇಂಜಿನ್ ವೇಗ ಏರಿಸಿ ಪರೀಕ್ಷಿಸುವ) ಸಮಯದಲ್ಲಾದರೆ ಇನ್ನೂ ಒಳ್ಳೆಯದು, ಗದ್ದಲ ಕೇಳಿಸುವವರೆಗೆ ಸ್ಕ್ವೆಲ್ಚ್ ತೆರೆಯಿರಿ. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಗದ್ದಲ ಕತ್ತರಿಸಿದಂತೆ ನಿಂತ ಜಾಗದಲ್ಲೇ ಕೈಬಿಡಿ. ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಮುಂದೆ ಬೇಡ. ಕ್ರೂಸ್‌ಗೆ, ಅಂದರೆ ಮೇಲೇರಿ ಒಂದೇ ಎತ್ತರದಲ್ಲಿ ಹಾರುವ ಹಂತಕ್ಕೆ, ಬಂದ ಮೇಲೆ ಗದ್ದಲದ ಸ್ವರೂಪ ಬದಲಾಗುವುದರಿಂದ ಮತ್ತೊಮ್ಮೆ ಮುಟ್ಟಿ ನೋಡಿ.

ಇದನ್ನು ಮಾಡಿದರೂ ಸರಿಹೋಗದಿದ್ದರೆ ಮೈಕ್ ದೂರ ಇದೆ ಎಂದು ಅರ್ಥ. ವಿಮಾನದ ಮೈಕ್ ದೂರದ ಸದ್ದನ್ನು ತಳ್ಳಿಹಾಕಿ ಹತ್ತಿರದ ಸದ್ದನ್ನಷ್ಟೇ ಎತ್ತಿಕೊಳ್ಳುವಂತೆ ಮಾಡಿದ್ದು. ಅದು ತುಟಿಯಿಂದ 3ರಿಂದ 6 ಮಿ.ಮೀ. ದೂರದಲ್ಲಿ, ಬಾಯಿಯ ನಡುಮಧ್ಯಕ್ಕಲ್ಲ, ಬಾಯಿಯ ಮೂಲೆಗೆ ಬರಬೇಕು. ಸ್ಪಂಜು ತುಟಿಗೆ ತಾಕಿತೋ ಇಲ್ಲವೋ ಅನ್ನುವಷ್ಟು. ಹೊಸಬರಲ್ಲಿ ಹೆಚ್ಚಿನವರು ಅದನ್ನು ಗಲ್ಲದ ಹತ್ತಿರ, ಎರಡು ಬೆರಳು ದೂರದಲ್ಲಿ ಇಟ್ಟುಕೊಂಡು ಕಿರುಚುತ್ತಾರೆ. ಮೈಕಿಗೆ ಮುಂದು ಹಿಂದು ಎಂದಿದೆ. ತುಟಿಯ ಕಡೆ ಇರಬೇಕಾದ ಬದಿಗೆ ಒಂದು ಚುಕ್ಕೆ ಅಥವಾ ಗುರುತು ಇರುತ್ತದೆ. ಹತ್ತು ಜನ ಬಳಸುವ ಸ್ಕೂಲ್ ಹೆಡ್‌ಸೆಟ್‌ಗಳಲ್ಲಿ ಬೂಮ್ (ಮೈಕ್ ಹಿಡಿದಿರುವ ಕಡ್ಡಿ) ತಿರುಚಿಕೊಂಡು ಮೈಕ್ ಹಿಂದುಮುಂದಾಗಿರುವುದು ಸಾಮಾನ್ಯ. ಆಗ ನಿಮ್ಮ ಮಾತೇ ದೂರದ ಸದ್ದು, ಇಂಜಿನ್ನೇ ಹತ್ತಿರದ ಸದ್ದು! ಸ್ಪಂಜು ಹರಿದಿದ್ದರೆ ಹೊಸದು ಹಾಕಿಸಿ, ತೀರ ಅಗ್ಗದ ವಸ್ತು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. 172ರ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಹೆಡ್‌ಸೆಟ್ ಸಿಕ್ಕಿಸಿಯೇ ಇರುತ್ತದೆ. ಎಲ್ಲ ಮೈಕುಗಳಿಗೂ ಒಂದೇ ಸ್ಕ್ವೆಲ್ಚ್ ಇರುವ ಹಳೆಯ ಇಂಟರ್‌ಕಾಮ್‌ನಲ್ಲಿ ನೀವು ಬಾಯಿ ತೆರೆದ ಕೂಡಲೇ ನಾಲ್ಕೂ ಮೈಕುಗಳು ತೆರೆದುಕೊಳ್ಳುತ್ತವೆ. ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಗದ್ದಲ 3 ಡೆಸಿಬೆಲ್ ಏರುತ್ತದೆ, ಅಂದರೆ ಒಂದರ ಜಾಗದಲ್ಲಿ ನಾಲ್ಕಾದರೆ 6 ಡೆಸಿಬೆಲ್. ಖಾಲಿ ಸೀಟಿನ ಮೈಕ್ ಪ್ಲಗ್ ಕಿತ್ತಿಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಪ್ರತಿ ಮೈಕಿಗೂ ಪ್ರತ್ಯೇಕ ಸ್ಕ್ವೆಲ್ಚ್ ಇರುವ ಹೊಸ ಆಡಿಯೋ ಪ್ಯಾನೆಲ್‌ಗಳಲ್ಲಿ ಈ ಕಾಟ ಕಡಿಮೆ. ಇನ್‌ಸ್ಟ್ರಕ್ಟರ್‌ಗೆ ನಿಮ್ಮ ಮಾತು ಒಮ್ಮೆಗೇ ಕೇಳಿಸದಂತಾದರೆ ಹೆಡ್‌ಸೆಟ್ಟನ್ನು ಬೈಯುವ ಮೊದಲು ಯಾರಾದರೂ ಐಸೊಲೇಟ್ (ಪೈಲಟ್‌ನನ್ನು ಉಳಿದವರ ಮಾತಿನಿಂದ ಬೇರ್ಪಡಿಸುವ ಗುಂಡಿ) ಒತ್ತಿದ್ದಾರೆಯೇ ನೋಡಿ.

ಈಗ ಕಿವಿಯ ವಿಚಾರ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

172ರಂಥ ವಿಮಾನದ ಒಳಗೆ ಕ್ರೂಸ್‌ನಲ್ಲಿ 85ರಿಂದ 95 ಡೆಸಿಬೆಲ್ ಸದ್ದು ಮಾಮೂಲು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಆ ಸದ್ದಿನ ಮುಖ್ಯ ಭಾಗ ಎಲ್ಲಿದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು, ಅಂದರೆ 80 ಸಲ ಅಲಗು ಗಾಳಿಯನ್ನು ಹೊಡೆಯುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುವುದರಿಂದ ಅದೂ 80 ಹರ್ಟ್ಜ್. ಎರಡೂ ಒಂದೇ ಕಡೆ ಬಂದು ಗುದ್ದುತ್ತವೆ. ರೇಡಿಯೋದಲ್ಲಿ ಬರುವ ಮಾತು ಸುಮಾರು 300ರಿಂದ 3000 ಹರ್ಟ್ಜ್ ನಡುವಿನದು. ಕೆಳಸ್ತರದ ಜೋರು ಸದ್ದು ತನಗಿಂತ ಮೇಲಿನ ಸ್ತರದ ಸದ್ದನ್ನು ಮುಚ್ಚಿಹಾಕುವುದು ನಮ್ಮ ಕಿವಿಯ ಗುಣ. ಹಾಗಾಗಿ ಟವರ್‌ನವರು ಮಾತಾಡಿದ್ದು ಕಿವಿಗೆ ಬಿದ್ದರೂ ತಿಳಿಯುವುದಿಲ್ಲ.

ಆಗ ನೀವು ಮಾಡುವುದೇನು? ವಾಲ್ಯೂಮ್ ಏರಿಸುತ್ತೀರಿ. ಗದ್ದಲದ ನಡುವೆ ಮಾತು ಸ್ಪಷ್ಟವಾಗಬೇಕಾದರೆ ಅದು ಗದ್ದಲಕ್ಕಿಂತ ಎಷ್ಟೋ ಜೋರಾಗಿರಬೇಕು. ಹಳೆಯ ಇಯರ್ ಸೀಲ್ (ಕಪ್ಪಿನ ಅಂಚಿನ ಮೆತ್ತೆ) ಒಡೆದು, ಕಿವಿ ಮುಚ್ಚುವ ಕಪ್ಪಿನೊಳಗೆ 82 ಡೆಸಿಬೆಲ್ ನುಸುಳುತ್ತಿದ್ದರೆ ನೀವು ರೇಡಿಯೋವನ್ನು 90ರ ಆಚೆಗೆ ಎತ್ತಿರುತ್ತೀರಿ. ಕಿವಿ ಗುಂಯ್‌ಗುಡುವುದಕ್ಕೆ ಇಂಜಿನ್ನಿಗಿಂತ ನೀವೇ ತಿರುಗಿಸಿದ ಗುಂಡಿ ಹೆಚ್ಚು ಕಾರಣವಾಗಿರಬಹುದು. ಹೆಡ್‌ಸೆಟ್ ಎಷ್ಟು ಸದ್ದು ತಡೆಯುತ್ತದೆ ಎಂಬುದು ಬರೀ ಆರಾಮದ ಮಾತಲ್ಲ ಎಂದು ಹೇಳುವುದು ಇದಕ್ಕೇ. ಸದ್ದು ತಡೆದಷ್ಟೂ ವಾಲ್ಯೂಮ್ ಇಳಿಯುತ್ತದೆ, ಮಾತು ಸ್ಪಷ್ಟವಾಗುತ್ತದೆ.

ಗುಂಯ್ ಅನ್ನುವುದು ಒಂದೆರಡು ಗಂಟೆಯಲ್ಲಿ ಹೋಗುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಅದು ಕಿವಿ ದಣಿದ ಲಕ್ಷಣ. ಹೀಗೆ ಮತ್ತೆ ಮತ್ತೆ ಆದರೆ, ಅಥವಾ ಮರುದಿನವೂ ಉಳಿದರೆ ಇಎನ್‌ಟಿ ವೈದ್ಯರಲ್ಲಿ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿ. ಗದ್ದಲದ ಪೆಟ್ಟು ಮೊದಲು ಬೀಳುವುದು 4000 ಹರ್ಟ್ಜ್ ಆಸುಪಾಸು. ಅಂತರರಾಷ್ಟ್ರೀಯ ಮಾನದಂಡದಂತೆ ಕ್ಲಾಸ್ 1 ಮೆಡಿಕಲ್‌ನಲ್ಲಿ (ಕಮರ್ಷಿಯಲ್ ಪೈಲಟ್‌ಗಳ ವೈದ್ಯಕೀಯ ತಪಾಸಣೆ) 500, 1000, 2000 ಹರ್ಟ್ಜ್‌ನಲ್ಲಿ 35 ಡೆಸಿಬೆಲ್‌ಗಿಂತ, 3000ದಲ್ಲಿ 50 ಡೆಸಿಬೆಲ್‌ಗಿಂತ ಹೆಚ್ಚು ನಷ್ಟ ಇರಬಾರದು. ಅಂದರೆ ನಷ್ಟ ಶುರುವಾಗುವ ಜಾಗವೇ ಆ ಪಟ್ಟಿಯಲ್ಲಿಲ್ಲ. ಮೆಡಿಕಲ್ ಪಾಸಾಯಿತು ಎಂದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಎಂದಲ್ಲ. ಇಂದಿನ ಆಡಿಯೋಗ್ರಾಮ್ ಒಂದನ್ನು ಜೋಪಾನವಾಗಿಟ್ಟುಕೊಳ್ಳಿ, ಹತ್ತು ವರ್ಷದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಪ್ಯಾಸಿವ್, ಎಎನ್‌ಆರ್ ಎಂದು ಎರಡು ಬಗೆ. ಪ್ಯಾಸಿವ್ ಎಂದರೆ ದಪ್ಪ ಕಪ್, ಒಳಗೆ ಸ್ಪಂಜು, ತಲೆಯನ್ನು ಬಿಗಿಯಾಗಿ ಹಿಡಿಯುವ ಬ್ಯಾಂಡ್. 1975ರಿಂದ ಬಂದ ಡೇವಿಡ್ ಕ್ಲಾರ್ಕ್‌ನ ಹಸಿರು ಹೆಡ್‌ಸೆಟ್‌ಗಳು ಇದರ ಮಾದರಿ. ಅವರ ಎಚ್10-13.4 ಮಾದರಿಯ ಎನ್‌ಆರ್‌ಆರ್, ಅಂದರೆ ಸದ್ದು ತಗ್ಗಿಸುವ ಅಳತೆ, 23 ಡೆಸಿಬೆಲ್. ಪ್ಯಾಸಿವ್ ಕಪ್ ಮೇಲಿನ ಸ್ತರದ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಕೆಳಗಿನ 80 ಹರ್ಟ್ಜ್ ಮೊರೆತದ ಮುಂದೆ ಸೋಲುತ್ತದೆ. ಎಎನ್‌ಆರ್ ಮಾಡುವುದು ಇದರ ಉಲ್ಟಾ ಕೆಲಸ. ಕಪ್ಪಿನೊಳಗಿನ ಪುಟ್ಟ ಮೈಕ್ ಸದ್ದನ್ನು ಅಳೆದು, ಅದರ ತದ್ವಿರುದ್ಧ ಅಲೆಯನ್ನು ಸ್ಪೀಕರಿನಿಂದ ಬಿಟ್ಟು ಎರಡನ್ನೂ ಹೊಡೆದುಹಾಕುತ್ತದೆ. ನಿಧಾನವಾದ ಅಲೆಗಳಿಗೆ ಇದು ಲೀಲಾಜಾಲ. ಸಾವಿರ ಹರ್ಟ್ಜ್ ಹತ್ತಿರ ಬರುವಷ್ಟರಲ್ಲಿ ಅಲೆಯ ವೇಗಕ್ಕೆ ಸರ್ಕ್ಯೂಟು ತಾಳ ಹಾಕಲಾರದು, ಅಲ್ಲಿಂದ ಮೇಲೆ ಕಪ್ಪಿನದೇ ಕೆಲಸ. ಇದರ ಕತೆಯಲ್ಲಿ ನಮ್ಮವರ ಪಾಲೂ ಇದೆ: ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ಈ ಲೆಕ್ಕಾಚಾರ ಶುರುಮಾಡಿದರು. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಭೂಮಿ ಸುತ್ತಿದ ವಾಯೇಜರ್ ವಿಮಾನದ ಪೈಲಟ್‌ಗಳು ಅದರ ಪ್ರಯೋಗದ ಮಾದರಿಗಳನ್ನು ಬಳಸಿದರು. 1989ರಲ್ಲಿ ಬೋಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ಎಎನ್‌ಆರ್ ಹಾಕಿದರೆ ಇಂಜಿನ್ ತೊಂದರೆ ಗೊತ್ತಾಗದು ಎಂಬ ಮಾತು ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲ. ಮೊರೆತ ತಗ್ಗುತ್ತದೆ, ಅಳಿಸಿಹೋಗುವುದಿಲ್ಲ. ಆರ್‌ಪಿಎಂ ಇಳಿದರೆ ಸ್ವರ ಬದಲಾಗುತ್ತದೆ, ಅದು ಕೇಳಿಸುತ್ತದೆ. ಒಂದು ಸಿಲಿಂಡರ್ ತಪ್ಪಿದರೆ ಅದರ ನಡುಕ ಮೊದಲು ತಿಳಿಯುವುದು ಸೀಟಿನಿಂದ, ರಡರ್ ಪೆಡಲಿನಿಂದ. ಹುಷಾರಾಗಿರಬೇಕಾದದ್ದು ಹೆಡ್‌ಸೆಟ್ ಒಳಗೆ ಬಾರದ ಎಚ್ಚರಿಕೆಗಳ ಬಗ್ಗೆ. 172ರ ಸ್ಟಾಲ್ ಹಾರ್ನ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಮೊದಲು ಎಚ್ಚರಿಸುವ ಹಾರ್ನ್, ರೆಕ್ಕೆಯ ಅಂಚಿನ ತೂತಿನಿಂದ ಗಾಳಿ ಎಳೆದು ಪೀಪಿಯಂತೆ ಊದುವ ಸಾಧನ. ಅದರ ಸದ್ದು ಕ್ಯಾಬಿನ್‌ನಲ್ಲಿ ಕೇಳಬೇಕೇ ಹೊರತು ರೇಡಿಯೋದಲ್ಲಿ ಬರುವುದಿಲ್ಲ. ಹೊಸ ಹೆಡ್‌ಸೆಟ್ ಹಾಕಿದ ಮೊದಲ ಸ್ಟಾಲ್ ಅಭ್ಯಾಸದಲ್ಲಿ ಹಾರ್ನ್ ಹೇಗೆ ಕೇಳಿಸುತ್ತದೆ ಎಂದು ಬೇಕೆಂದೇ ಕಿವಿಗೊಡಿ. ಮೊರೆತ ತಗ್ಗಿರುವುದರಿಂದ ಮೊದಲಿಗಿಂತ ಚೆನ್ನಾಗಿ ಕೇಳಿಸಿದರೂ ಆಶ್ಚರ್ಯವಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಹಾರಾಟದ ನಡುವೆ ಬ್ಯಾಟರಿ ಮುಗಿದರೆ ಎಎನ್‌ಆರ್ ನಿಂತು, ಹೆಡ್‌ಸೆಟ್ ಬರೀ ಪ್ಯಾಸಿವ್ ಆಗಿ ಉಳಿಯುತ್ತದೆ. ಒಳ್ಳೆಯ ಮಾದರಿಯಲ್ಲಿ ಮಾತು ಹಾಗೇ ಮುಂದುವರಿಯುತ್ತದೆ, ಗದ್ದಲ ಮಾತ್ರ ಏರುತ್ತದೆ. ಅಗ್ಗದ ಎಎನ್‌ಆರ್‌ಗಳಲ್ಲಿ ಕಪ್ ತೆಳ್ಳಗೆ, ಹಿಡಿತ ಸಡಿಲ. ಅದು ನಿಂತ ಕ್ಷಣ ಸ್ಕೂಲಿನ ಹಳೆಯ ಹೆಡ್‌ಸೆಟ್ಟೇ ವಾಸಿ ಎನಿಸುತ್ತದೆ. ಕೊಳ್ಳುವ ಮೊದಲು, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ, ಎಎನ್‌ಆರ್ ಆಫ್ ಮಾಡಿ ಐದು ನಿಮಿಷ ಹಾರಿ ನೋಡಿ. ಅಗ್ಗದ ಎಎನ್‌ಆರ್ ಮತ್ತು ಒಳ್ಳೆಯ ಪ್ಯಾಸಿವ್ ಒಂದೇ ಬೆಲೆಗೆ ಸಿಕ್ಕರೆ ನಾನು ಕಣ್ಣುಮುಚ್ಚಿ ಪ್ಯಾಸಿವ್ ಎನ್ನುತ್ತೇನೆ.

ನಿಮ್ಮ ಕನ್ನಡಕ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದು. ದಪ್ಪ ಪ್ಲಾಸ್ಟಿಕ್ ಕಡ್ಡಿ ಇಯರ್ ಸೀಲನ್ನು ಎತ್ತಿಹಿಡಿದು ಸಂದು ಮಾಡುತ್ತದೆ. ಕೆಳಸ್ತರದ ಸದ್ದು ನುಗ್ಗುವುದು ಆ ಸಂದಿನಿಂದಲೇ. ಎಎನ್‌ಆರ್ ಆದರೆ ತಲೆ ತಿರುಗಿಸಿದಾಗಲೆಲ್ಲ ಒಳಗೆ ಗುಡುಗುಡು ಎನ್ನುತ್ತದೆ. ಹಾರಾಟಕ್ಕೆಂದೇ ತೆಳ್ಳನೆಯ, ಚಪ್ಪಟೆ ಲೋಹದ ಕಡ್ಡಿಯ ಕನ್ನಡಕ ಮಾಡಿಸಿಕೊಳ್ಳಿ, ಸೀಲು ಜೆಲ್‌ನದ್ದಾಗಿರಲಿ. ಇವೆರಡರಿಂದ ಸಿಗುವ ಲಾಭ ಎಷ್ಟೋ ಸಲ ಹೊಸ ಹೆಡ್‌ಸೆಟ್‌ನಿಂದಲೂ ಸಿಗುವುದಿಲ್ಲ. ಕೂದಲನ್ನು ತುರುಬು ಕಟ್ಟುವವರು ಬ್ಯಾಂಡ್ ಕೂರುವ ಜಾಗ ಬಿಟ್ಟು ಕೆಳಗೆ ಕಟ್ಟಬೇಕು. ಕ್ಯಾಪ್ ಹಾಕುವ ಅಭ್ಯಾಸವಿದ್ದರೆ ನೆತ್ತಿಯ ಮೇಲಿನ ಗುಂಡಿಯನ್ನು ಕಿತ್ತುಬಿಡಿ. ಬ್ಯಾಂಡಿನ ಕೆಳಗೆ ಸಿಕ್ಕಿದ ಆ ಗುಂಡಿ ಮುಕ್ಕಾಲು ಗಂಟೆಯಲ್ಲಿ ತಲೆನೋವು ತರುತ್ತದೆ, ಬೈಗುಳ ಮಾತ್ರ ಹೆಡ್‌ಸೆಟ್ಟಿಗೆ.

ಹಾಗಾದರೆ ಏನು ಕೊಳ್ಳುವುದು? ಮೊದಲು ವಿಮಾನದ ಜ್ಯಾಕ್ ನೋಡಿ. ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಪ್ಲಗ್ಗಿನ ವ್ಯವಸ್ಥೆ. ದಪ್ಪಗಿರುವ 6.35 ಮಿ.ಮೀ.ನದು ಕಿವಿಗೆ, ತುಸು ತೆಳ್ಳಗಿನ 5.23 ಮಿ.ಮೀ.ನದು ಮೈಕಿಗೆ. ಹೆಲಿಕಾಪ್ಟರ್‌ನದ್ದು 7.1 ಮಿ.ಮೀ.ನ ಒಂದೇ ಪ್ಲಗ್. ಏರ್‌ಬಸ್‌ನಲ್ಲಿ ಐದು ಪಿನ್ನಿನ ಎಕ್ಸ್‌ಎಲ್‌ಆರ್, ಬೋಯಿಂಗ್‌ನಲ್ಲಿ ಎರಡು ಪ್ಲಗ್ಗು. ಸೈನ್ಯದ ಸಾಮಾನು ಮಾರುವ ಕಡೆ ಅಗ್ಗಕ್ಕೆ ಸಿಗುವ ಹೆಡ್‌ಸೆಟ್‌ಗಳನ್ನು ಮುಟ್ಟಬೇಡಿ. ಅವುಗಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 8ರಿಂದ 19 ಓಮ್, ನಮ್ಮದು 150ರಿಂದ 300ರ ಸುಮಾರು. ಪ್ಲಗ್ ಹೊಂದಿಸಿ ಸಿಕ್ಕಿಸಿದರೂ ಅದು ಕರೆಂಟನ್ನೆಲ್ಲ ತಾನೇ ಹೀರಿ ಪಕ್ಕದವರ ಕಿವಿಗೆ ಪಿಸುಮಾತು ಉಳಿಸುತ್ತದೆ.

ಗೇಮಿಂಗ್ ಹೆಡ್‌ಸೆಟ್ ಮಾತು ಬಿಟ್ಟೇಬಿಡಿ. ವಿಮಾನದ ಮೈಕ್ ಜ್ಯಾಕ್‌ನಲ್ಲಿ 8ರಿಂದ 16 ವೋಲ್ಟ್ ಬರುತ್ತದೆ, ಕಂಪ್ಯೂಟರ್ ಮೈಕ್ ಅದಕ್ಕಿಂತ ತೀರ ಕಡಿಮೆ ವೋಲ್ಟಿನದ್ದು. ಅಡಾಪ್ಟರ್ ಒಳಗಿನ ಸರ್ಕ್ಯೂಟು ಅದನ್ನು ಸರಿದೂಗಿಸಿದರೂ ಆ ಮೈಕಿಗೆ ಇಂಜಿನ್ ಗದ್ದಲ ತಳ್ಳಿಹಾಕುವ ಶಕ್ತಿಯಿಲ್ಲ, ಕಪ್ಪಿಗೆ ಸದ್ದು ತಡೆಯುವ ದಪ್ಪವಿಲ್ಲ. ಮನೆಯಲ್ಲಿ ಸಿಮ್ಯುಲೇಟರ್ ಆಡಲು ಬೇಕಾದರೆ ಬಳಸಿಕೊಳ್ಳಿ.

ಸಿಪಿಎಲ್‌ಗೆ ಬೇಕಾದ 200 ಗಂಟೆಗೆ, ಸಾಲದಲ್ಲಿ ಓದುತ್ತಿರುವ ನಿಮಗೆ ಒಳ್ಳೆಯ ಕಂಪನಿಯ ಪ್ಯಾಸಿವ್ ಹೆಡ್‌ಸೆಟ್ ಖಂಡಿತ ಸಾಕು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 400 ಡಾಲರ್. ಮೇಲ್ದರ್ಜೆಯ ಎಎನ್‌ಆರ್‌ಗೆ ಅದರ ಮೂರು ಪಟ್ಟು, 1,200–1,300 ಡಾಲರ್. ಇಲ್ಲಿಗೆ ಬರುವಾಗ ಸುಂಕ ತೆರಿಗೆ ಸೇರಿ ಎರಡೂ ಮೇಲೇರುತ್ತವೆ. ಪ್ಯಾಸಿವ್‌ನ ಒಳಗೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳುವುದೂ ಒಂದು ದಾರಿ. ಎರಡರ ತಡೆ ನೇರವಾಗಿ ಕೂಡುವುದಿಲ್ಲ, ಹೆಚ್ಚಿನದರ ಮೇಲೆ ಸುಮಾರು 5 ಡೆಸಿಬೆಲ್ ಸೇರುತ್ತದೆ ಅಷ್ಟೇ. ಹತ್ತಿಪ್ಪತ್ತು ರೂಪಾಯಿಯ ಇಯರ್‌ಪ್ಲಗ್‌ಗೆ ಅದು ದೊಡ್ಡ ಲಾಭವೇ. ವಾಲ್ಯೂಮ್ ಏರಿಸಬೇಕಾಗುತ್ತದೆ, ಆದರೆ ಪ್ಲಗ್ ಆ ಸದ್ದನ್ನೂ ತಗ್ಗಿಸಿಯೇ ಒಳಗೆ ಬಿಡುತ್ತದೆ.

ಹಾಗಾದರೆ ಎಎನ್‌ಆರ್ ಯಾರಿಗೆ? ದಿನಕ್ಕೆ ನಾಲ್ಕೈದು ಗಂಟೆ ಹಾರುವ ಇನ್‌ಸ್ಟ್ರಕ್ಟರ್‌ಗೆ ಅದು ಬೇಕೇ ಬೇಕು. ನೀವು ಸಿಪಿಎಲ್ ಮುಗಿಸಿ ಇನ್‌ಸ್ಟ್ರಕ್ಟರ್ ಆಗುವ ಯೋಚನೆಯಲ್ಲಿದ್ದರೆ ಈಗಲೇ ಕೊಳ್ಳುವುದು ಲಾಭ. ನೇರವಾಗಿ ಏರ್‌ಲೈನ್‌ಗೆ ಹೋಗುವುದಾದರೆ ಈಗ ಕೊಂಡದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಪ್ಲಗ್ ಬೇರೆ ಇರಬಹುದು. ಟಿಎಸ್‌ಒ ಮಾನ್ಯತೆ, ಅಂದರೆ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ ನಿಗದಿಪಡಿಸಿದ ಸಿ139ರಂಥ ಗುಣಮಟ್ಟದ ಮುದ್ರೆ, ಇರುವುದನ್ನೇ ಕೇಳುವ ಏರ್‌ಲೈನ್‌ಗಳಿವೆ. ಜೆಟ್ ಕಾಕ್‌ಪಿಟ್‌ಗೆಂದು ಮಾಡಿದ ಹಗುರ ಹೆಡ್‌ಸೆಟ್‌ಗಳು ಪಿಸ್ಟನ್ ವಿಮಾನದ ಗದ್ದಲಕ್ಕೆ ತಕ್ಕವಲ್ಲ. ಎರಡನ್ನೂ ಒಂದರಲ್ಲೇ ಮುಗಿಸಲು ಹೋದರೆ ಎರಡೂ ಕೈಕೊಡುತ್ತವೆ. ತಲೆಗೆ ಭಾರ, ಬೆವರು ತಡೆಯಲಾರದವರಿಗೆ ಕಿವಿಯ ಒಳಗೆ ಫೋಮ್ ತುದಿ ಕೂರಿಸುವ ಬಗೆಯೂ ಇದೆ, ಬ್ಯಾಟರಿ ಬೇಡ, ಕನ್ನಡಕದ ತಂಟೆಯಿಲ್ಲ. ದಿನವಿಡೀ ಕಿವಿಯೊಳಗೆ ಫೋಮ್ ಇರುವುದು ಎಲ್ಲರಿಗೂ ಒಗ್ಗುವುದಿಲ್ಲ. ಬ್ಲೂಟೂತ್, ಹಾಡು ಇವಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ವಿದ್ಯಾರ್ಥಿಗಿಲ್ಲ.

ಸೀನಿಯರ್ ಕೊಡುತ್ತಿರುವುದನ್ನು ಅರ್ಧ ಬೆಲೆ ಎಂದು ಮರುಳಾಗಿ ಕೊಳ್ಳಬೇಡಿ, ಎಡಗಿವಿಯಲ್ಲಿ ಮಾತ್ರ ಕೇಳಿಸಿತೆಂದು ಬಿಟ್ಟೂ ಬಿಡಬೇಡಿ. ಸ್ಟೀರಿಯೋ ಹೆಡ್‌ಸೆಟ್ಟನ್ನು ಮಾನೋ ಜ್ಯಾಕ್‌ಗೆ ಸಿಕ್ಕಿಸಿದರೆ ಎಡಗಡೆ ಮಾತ್ರ ಸದ್ದು ಬರುವುದು ಸಹಜ. ಬ್ಯಾಟರಿ ಡಬ್ಬಿಯ ಮೇಲೋ ಒಳಗೋ ಕಪ್ಪಿನೊಳಗೋ ಸ್ಟೀರಿಯೋ-ಮಾನೋ ಸ್ವಿಚ್ ಇರುತ್ತದೆ, ಮಾನೋಗೆ ತಳ್ಳಿ ನೋಡಿ. ಎರಡೂ ಕಿವಿಗೆ ಬಂದರೆ ಆ ತೊಂದರೆ ಅಲ್ಲಿಗೆ ಮುಗಿಯಿತು. ಬಾರದಿದ್ದರೆ ತಂತಿ ತುಂಡಾಗಿರಬಹುದು. ಸಾಮಾನ್ಯವಾಗಿ ತುಂಡಾಗುವ ಜಾಗ ಪ್ಲಗ್ಗಿನ ಕುತ್ತಿಗೆ ಮತ್ತು ಕಪ್ಪಿಗೆ ವೈರ್ ಸೇರುವ ಮೂಲೆ. ಸದ್ದು ಬರುತ್ತಿರುವಾಗ ಆ ಎರಡು ಕಡೆ ವೈರನ್ನು ಮೆಲ್ಲಗೆ ಬಾಗಿಸಿ, ಕರಕರ ಎಂದರೆ ಅಲ್ಲೇ ಪೆಟ್ಟು. ಆಮೇಲೆ ಬ್ಯಾಟರಿ ಡಬ್ಬಿ ತೆರೆದು ಸ್ಪ್ರಿಂಗ್ ನೋಡಿ. ಹಸಿರು-ಬಿಳಿ ಪುಡಿ ಹಿಡಿದಿದ್ದರೆ ಬ್ಯಾಟರಿ ಸೋರಿದೆ, ಸರ್ಕ್ಯೂಟ್ ಬೋರ್ಡಿಗೂ ಇಳಿದಿರಬಹುದು. ಮೈಕ್ ಬೂಮ್ ಇಟ್ಟಲ್ಲೇ ನಿಲ್ಲುತ್ತದೆಯೇ, ಜೋಲುತ್ತದೆಯೇ? ಆ ಮಾದರಿಯ ಬಿಡಿಭಾಗ ಕಂಪನಿ ಇನ್ನೂ ಕೊಡುತ್ತದೆಯೇ? ವಾರಂಟಿ ಮುಗಿದ ಎಎನ್‌ಆರ್‌ನ ಒಂದು ಕಪ್ ಸತ್ತರೆ ರಿಪೇರಿಗೆ ಹೊರದೇಶಕ್ಕೆ ಹೋಗಬೇಕಾಗಿ ಬಂದು, ಉಳಿಸಿದ ಅರ್ಧ ಬೆಲೆ ಅದಕ್ಕೇ ಸಮನಾದೀತು. ಎಲ್ಲ ಸರಿಯಿದ್ದರೆ ಇಯರ್ ಸೀಲ್, ಸ್ಪಂಜು, ತಲೆಯ ಪ್ಯಾಡ್ ಮೂರನ್ನೂ ಹೊಸದಾಗಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಆರು ವರ್ಷದ ಬೇರೆಯವರ ಬೆವರು ನಿಮ್ಮ ಕಿವಿಗೆ ಬೇಡ.

ಬಳಸುವಾಗ: ಪ್ಲಗ್ ಕೀಳುವಾಗ ವೈರ್ ಹಿಡಿದು ಎಳೆಯಬೇಡಿ. ಹಿತ್ತಾಳೆ ಕಪ್ಪಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಸೀಲು ಗಟ್ಟಿಯಾದರೆ, ಬಿರುಕು ಬಿಟ್ಟರೆ ವರ್ಷ ಕಾಯದೆ ಬದಲಿಸಿ. ಕಲಬುರಗಿ, ರಾಯಚೂರು ಕಡೆಯ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ವಿಮಾನದೊಳಗೆ ಬಿಟ್ಟುಬಂದರೆ ಜೆಲ್ ಸೋರುತ್ತದೆ, ಬ್ಯಾಟರಿ ಸೋರುತ್ತದೆ. ಗಾಜಿನ ಕೆಳಗಿನ ಗ್ಲೇರ್‌ಶೀಲ್ಡ್ ಮೇಲಂತೂ ಹೆಡ್‌ಸೆಟ್ ಇಡಲೇಬೇಡಿ. ಸ್ಪೀಕರಿನ ಆಯಸ್ಕಾಂತ ಪಕ್ಕದ ಕಂಪಾಸನ್ನು ಎಳೆಯುತ್ತದೆ. ಅದನ್ನು ನೋಡಿ ಹೆಡಿಂಗ್ ಜೈರೋ (ದಿಕ್ಕು ತೋರಿಸುವ ಉಪಕರಣ) ಹೊಂದಿಸಿದರೆ ತಪ್ಪು ನಿಮ್ಮೊಂದಿಗೇ ಹಾರುತ್ತದೆ.

ಕೊನೆಗೆ ಮೈಕ್ರೋಲೈಟ್‌ನ ಇಂಟರ್‌ಕಾಮ್. ಅಂಗೈಯಷ್ಟು ದೊಡ್ಡದಾದ, ವೆಲ್ಕ್ರೋದಲ್ಲಿ ಅಂಟಿಸುವ ಎರಡು ಸೀಟಿನ ಪೋರ್ಟಬಲ್ ಸಾಕು. ಪ್ಯಾನೆಲ್ ಕೊರೆದು ಶಾಶ್ವತವಾಗಿ ಕೂರಿಸುವುದಾದರೆ ಅದು ಪರವಾನಗಿ ಇರುವ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಕೈಯಲ್ಲೇ ಆಗಬೇಕು. ಕೊಳ್ಳುವಾಗ ಮೊದಲು ಕೇಳಬೇಕಾದದ್ದು: ಇಂಟರ್‌ಕಾಮ್‌ನ ಕರೆಂಟು ಹೋದರೆ ಪೈಲಟ್ ಹೆಡ್‌ಸೆಟ್ ತಾನಾಗಿ ರೇಡಿಯೋಗೆ ಸೇರಿಕೊಳ್ಳುತ್ತದೆಯೇ? ಈ ಫೇಲ್‌ಸೇಫ್ ಇಲ್ಲದ್ದು ಬಿಟ್ಟಿ ಕೊಟ್ಟರೂ ಬೇಡ. ಫೇಲ್‌ಸೇಫ್ ಇದ್ದರೂ ಅದು ಒಂದೇ ಸೀಟಿಗೆ, ಪಕ್ಕದವರಿಗೆ ಏನೂ ಕೇಳಿಸದು, ಕೈಸನ್ನೆಯನ್ನು ಮೊದಲೇ ಮಾತಾಡಿಕೊಂಡಿರಿ. ಎರಡನೆಯದು, ಎರಡು ಮೈಕಿಗೂ ಬೇರೆ ಬೇರೆ ಸ್ಕ್ವೆಲ್ಚ್ ಮತ್ತು ಎರಡೂ ಕಡೆ ಪಿಟಿಟಿ (ರೇಡಿಯೋದಲ್ಲಿ ಮಾತಾಡಲು ಒತ್ತುವ ಗುಂಡಿ). ಮೂರನೆಯದು ಸೈಡ್‌ಟೋನ್, ರೇಡಿಯೋದಲ್ಲಿ ಮಾತಾಡುವಾಗ ತನ್ನ ದನಿ ತನಗೆ ಕೇಳಿಸುವುದು. ಅದಿಲ್ಲದಿದ್ದರೆ ಎಲ್ಲರೂ ತಮಗರಿವಿಲ್ಲದೆ ಕೂಗುತ್ತಾರೆ. ಮುಂಭಾಗ ತೆರೆದಿರುವ ಮೈಕ್ರೋಲೈಟ್ ಆದರೆ ಗಾಳಿಯೇ ಸ್ಕ್ವೆಲ್ಚ್ ತೆರೆದುಬಿಡುತ್ತದೆ. ಹೆಲ್ಮೆಟ್ಟಿಗೆ ಜೋಡಿಸಿದ ಹೆಡ್‌ಸೆಟ್, ದಪ್ಪ ಸ್ಪಂಜು, ಗುಂಡಿ ಒತ್ತಿ ಮಾತಾಡುವ ಇಂಟರ್‌ಕಾಮ್ ಅಲ್ಲಿಗೆ ಸರಿ.

ಕಿವಿಯಲ್ಲಿ ಇಂಜಿನ್ ವೇಗದ ಜೊತೆ ಏರಿಳಿಯುವ ಕುಯ್ಯೋ ಸದ್ದು ಬಂದರೆ ಅದು ಚಾರ್ಜಿಂಗ್ ವ್ಯವಸ್ಥೆಯದು. ಇಂಟರ್‌ಕಾಮ್ ಪ್ಲಗ್ಗನ್ನು ವಿಮಾನದ ಕರೆಂಟ್ ಸಾಕೆಟ್‌ನಿಂದ ಕಿತ್ತು 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ಅದು ಕರೆಂಟಿನ ದಾರಿಯಲ್ಲಿ ಬರುತ್ತಿದೆ, ಫಿಲ್ಟರ್ ಹಾಕಿಸಬೇಕು. ಹೋಗದಿದ್ದರೆ ಗ್ರೌಂಡ್ ಎರಡು ಕಡೆ ಸೇರಿಕೊಂಡಿರಬಹುದು. ಜ್ಯಾಕ್‌ಗಳು ಲೋಹದ ತಗಡಿಗೆ ನೇರ ತಾಗದಂತೆ ಇನ್ಸುಲೇಟಿಂಗ್ ವಾಷರ್ ಹಾಕಿ, ವೈರಿನ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿಸಬೇಕು. ಟಿಕ್ಕಿ ಟಿಕ್ಕಿ ಟಿಕ್ಕಿ ಎಂದು ಬಿಟ್ಟು ಬಿಟ್ಟು ಬಂದರೆ ಜೇಬಿನ ಮೊಬೈಲು ಸಿಗ್ನಲ್ ಹುಡುಕುತ್ತಿದೆ, ಫ್ಲೈಟ್ ಮೋಡ್‌ಗೆ ಹಾಕಿ.

ವೈರುಗಳನ್ನು ಕಟ್ಟಿದ ಮೇಲೆ ಇಬ್ಬರೂ ಬೆಲ್ಟ್ ಹಾಕಿ ಕೂತು, ಸ್ಟಿಕ್ಕನ್ನು ನಾಲ್ಕೂ ಮೂಲೆಗೆ, ಪೆಡಲನ್ನು ಎರಡೂ ಕೊನೆಗೆ ಒತ್ತಿ ನೋಡಿ. ಸಡಿಲ ಬಿಟ್ಟ ವೈರಿನ ಒಂದು ಕುಣಿಕೆ ಸ್ಟಿಕ್ಕಿಗೆ ಸಿಕ್ಕರೂ ಕಟ್ಟು ಬಿಚ್ಚಿ ಮತ್ತೆ ಕಟ್ಟಿ, ಆಮೇಲೆಯೇ ಇಂಜಿನ್ ಚಾಲೂ ಮಾಡಿ.